ಅಂಚೆಗೆ ಬಿದ್ದ ಚೆಲುವಜ್ಜಿ

ಮುಗಳಿಕೋಟೆಯ ದೊರೆ ಭೂಪಾಲರಾಯ ತನ್ನ ಮುಖ ಹಾಕಿಸಿ ನಾನೂರು ಅಂಚೆಚೀಟಿ ಅಚ್ಚು ಮಾಡಿಸಿದ್ದ. "ಇಂಥ ಚೀಟಿ ಲೋಕದಲ್ಲೇ ಅಪರೂಪ" ಎಂದು ಬೀಗುತ್ತಿದ್ದ. ಅಪರೂಪವೇನೋ ನಿಜ. ಆ ರಾಜ್ಯದಲ್ಲಿ ಪತ್ರ ಬರೆಯುವವರು ಅದಕ್ಕಿಂತಲೂ ಅಪರೂಪ.

ಅಷ್ಟರಲ್ಲಿ ಊರಿಗೆ ನಾಗರಗುಂದಿಯ ರೈಲು ಬಂತು. ಅಚ್ಚಿಗೆ ಕೊಟ್ಟ ಟಿಕೆಟ್ ಮಾತ್ರ ಬರಲಿಲ್ಲ.

"ನನ್ನ ಅಂಚೆಚೀಟಿಯೇ ಟಿಕೆಟ್!" ಎಂದ ದೊರೆ. "ನನ್ನ ಮುಖ ಕೈಯಲ್ಲಿದ್ದವರು ನಾಗರಗುಂದಿ ಮುಟ್ಟಿದ ಹಾಗೇ!"

ಮೊದಲ ದಿನವೇ ಚೆಲುವಜ್ಜಿ ಒಂದು ಚೀಟಿ ಕೊಂಡು ಹತ್ತಿದಳು. ನಾಗರಗುಂದಿಯಲ್ಲಿ ಮಗಳಿಗೆ ಹೆರಿಗೆನೋವು ಶುರುವಾಗಿದೆಯೆಂದು ಸುದ್ದಿ ಬಂದಿತ್ತು. ಆದರೆ ನಾಗರಗುಂದಿ ಇನ್ನೂ ಮೂರು ಮೈಲಿ ಇರುವಾಗಲೇ ರೈಲು ಬಯಲಲ್ಲಿ ನಿಂತುಬಿಟ್ಟಿತು. ಮುಂದೆ ಕಂಬಿಯೇ ಇರಲಿಲ್ಲ!

ಅದೇ ರೈಲಿನಿಂದ ದಿವಾನ ಶೇಷಗಿರಿಯಪ್ಪ ಇಳಿದ. ಅವನಿಗಾಗಿ ಸಾರೋಟು ಕಾದಿತ್ತು.

"ಬುದ್ಧೀ, ನನ್ನ ಮಂಡಿ ನಡೆಯೋಕೆ ಬಿಡಲ್ಲ. ಒಂಚೂರು ಜಾಗ ಕೊಡಿ," ಎಂದಳು ಅಜ್ಜಿ.

"ರೈಲು ಹತ್ತಿದ್ದಾಯ್ತು, ಇಳಿದದ್ದಾಯ್ತು. ಅಲ್ಲಿಗೆ ನಿನ್ನ ಚೀಟಿ ಮುಗೀತು. ಹೋಗಜ್ಜಿ!"

ಅದೇ ರೈಲಿನಲ್ಲಿ ಬಂದಿದ್ದ ಆಸ್ಥಾನದ ವಿನೋದಗಾರ ಸಂಪಣ್ಣ ಇದನ್ನು ನೋಡುತ್ತಿದ್ದ. ಅಜ್ಜಿಯ ಚೀಟಿ ಇಸಕೊಂಡು, ನಾಲಿಗೆಗೆ ಒತ್ತಿ, ಅವಳ ಸೆರಗಿಗೆ ಅಂಟಿಸಿದ. ಮಗಳ ಹೆಸರು, ಬೀದಿ ಕೇಳಿ, ಒಂದು ಕಾಗದದಲ್ಲಿ ಬರೆದು ಪಕ್ಕದಲ್ಲೇ ಸಿಕ್ಕಿಸಿದ: 'ಗಿರಿಜೆ, ಕುಂಬಾರಬೀದಿ, ನಾಗರಗುಂದಿ.'

"ದಿವಾನರೇ, ಅಂಚೆಚೀಟಿ ಹಚ್ಚಿ ವಿಳಾಸ ಬರೆದದ್ದನ್ನು ದಾರಿಯಲ್ಲೇ ಬಿಸಾಡಿದವರಿಗೆ ಏನು ಶಿಕ್ಷೆ?"

"ಆರು ತಿಂಗಳು ಸೆರೆ!" ದಿವಾನ ಪಟ್ಟನೆ ಹೇಳಿದ. ಕಾಯಿದೆ ಬರೆದವನು ಅವನೇ ತಾನೆ? ಹೇಳಿಯಾದ ಮೇಲೆ ಅಜ್ಜಿಯ ಸೆರಗು ಕಣ್ಣಿಗೆ ಬಿತ್ತು.

ಸಾರೋಟಿನಲ್ಲಿ ಇದ್ದದ್ದು ಒಬ್ಬರ ಜಾಗ. ಅಜ್ಜಿ ಹತ್ತಿ ಕೂತಳು. ದಿವಾನ ಹಿಂದಿನಿಂದ ಧೂಳು ಕುಡಿಯುತ್ತ ನಡೆದ.

ಮರುದಿನ ದಿವಾನನ ದೂರು ಆಸ್ಥಾನಕ್ಕೆ ಬಂತು.

"ಏನೋ ಸಂಪಣ್ಣ, ನನ್ನ ಮುಖವನ್ನು ಮುದುಕಿಯ ಸೆರಗಿಗೆ ಅಂಟಿಸಿದೆಯಂತೆ?" ದೊರೆ ಗುಡುಗಿದ.

"ಹೌದು, ಪ್ರಭು. ಅಜ್ಜಿಯೇನೋ ಹೇಗಾದರೂ ಕುಂಟುತ್ತ ಹೋಗುತ್ತಿದ್ದಳು. ತಮ್ಮ ಮಾತು ಬಯಲಲ್ಲೇ ಬಿದ್ದಿರುತ್ತಿತ್ತು."

ದೊರೆ ಮೀಸೆ ತಡವಿಕೊಂಡ. "ಹೋಗಲಿ, ಪತ್ರ ಮುಟ್ಟಿತೋ?"

"ಮುಟ್ಟಿತು. ಗಳಿಗೆಯೊಳಗೆ ಉತ್ತರವೂ ಬಂತು. ಹೆಣ್ಣು ಮಗು."

ದೊರೆ ಹೊಟ್ಟೆ ಹಿಡಿದು ನಕ್ಕ. ಕೈಯ ಕಡಗ ಕಳಚಿ ಸಂಪಣ್ಣನಿಗೆ ಕೊಟ್ಟ. "ಕಂಬಿ ನಾಗರಗುಂದಿ ಮುಟ್ಟುವವರೆಗೆ ದಿವಾನರ ಸಾರೋಟು ಅಂಚೆಯದ್ದು!"

"ಹಾಗಾದರೆ ನಾನು ಓಡಾಡೋದು ಹೇಗೆ, ಪ್ರಭು?" ದಿವಾನನ ದನಿ ಅಳುವ ಹಾಗಿತ್ತು.

ಸಂಪಣ್ಣ ಜೇಬಿನಿಂದ ಒಂದು ಚೀಟಿ ತೆಗೆದ.

"ಸ್ವಲ್ಪ ಬೆನ್ನು ತಿರುಗಿಸಿ, ಸ್ವಾಮಿ. ಅಂಟಿಸಿಬಿಡ್ತೀನಿ."