ಎರಡೇ ಲೋಟ

“ಇನ್ಮೇಲೆ ನೀವೇ ಎಣಿಸ್ಕೊಳ್ಳಿ.”

ಕ್ಷೌರದ ಮುದ್ದಯ್ಯನಿಗೆ ಅವನ ಹೆಂಡತಿ ಕೆಂಪಾಜಮ್ಮ ಹೇಳಿದ ಕೊನೆಯ ಮಾತು ಇದು. ಅವಳು ತೀರಿಹೋಗಿ ಎಂಟು ತಿಂಗಳಾದ ಮೇಲೆ ಒಂದು ದಿನ ಅವನು ಆ ಮಾತನ್ನು ಮಠದ ಗುರುಗಳ ಮುಂದೆ ಹೇಳಿ, ಹೀಗೆ ಕೇಳಿದ.

“ಬುದ್ಧಿ, ನಾನು ಎಣಿಸ್ತಾನೇ ಇದೀನಿ. ಅವಳಿದ್ದಾಗಲೂ ದಿನಕ್ಕೆ ಎರಡೇ ಲೋಟ, ಈಗಲೂ ಎರಡೇ. ಡಾಕ್ಟರಮ್ಮ ನನ್ನ ರಕ್ತ ಪರೀಕ್ಷೆ ಮಾಡಿಸಿ, ಇದು ಎರಡು ಲೋಟ ಕುಡಿಯೋನ ರಕ್ತ ಅಲ್ಲ ಅಂತಾರೆ. ನಾನಂತೂ ಸುಳ್ಳು ಹೇಳಿಲ್ಲ. ರಕ್ತ ಸುಳ್ಳು ಹೇಳುತ್ತಾ ಬುದ್ಧಿ?”

ಗುರುಗಳು ಅವನ ಕೈಗಳನ್ನು ನೋಡಿದರು. ಒಂದು ಕೈ ನಡುಗುತ್ತಿತ್ತು. ಇನ್ನೊಂದು ಅದನ್ನು ಹಿಡಿದುಕೊಂಡಿತ್ತು. ಇಪ್ಪತ್ತು ವರ್ಷ ಗುರುಗಳ ತಲೆ ಬೋಳಿಸಿದ ಕೈ ಅದು. ಈಚೆಗೆ ಎರಡು ಸಲ ಮುದ್ದಯ್ಯ ತಾನು ಬಾರದೆ ತಮ್ಮನನ್ನು ಕಳಿಸಿದ್ದ. ಊರಲ್ಲಿ ಒಬ್ಬ ಹಿರಿಯರ ಕಿವಿಯ ಕೆಳಗೆ ಅವನ ಕತ್ತಿ ತಗುಲಿ ರಕ್ತ ಬಂದಿತ್ತು. ಮುದ್ದಯ್ಯನ ಕತ್ತಿಗೆ ಚಳಿಜ್ವರ ಬಂದಿದೆ ಎಂದು ಜನ ಆಡಿಕೊಂಡರು. ಆಮೇಲೆ ಅವನ ಕುರ್ಚಿಗೆ ಬಂದು ಕೂರುವವರು ಕಡಿಮೆಯಾದರು.

ಪಿತ್ತಜನಕಾಂಗ ಊದಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಹೀಗೇ ಬಿಟ್ಟರೆ ಕತ್ತಿಯ ಮಾತು ಹಾಗಿರಲಿ, ತುತ್ತು ಎತ್ತಲೂ ಕೈ ಬರುವುದಿಲ್ಲ ಎಂದಿದ್ದರು. ಒಂದೇ ಏಟಿಗೆ ನಿಲ್ಲಿಸಬೇಡ, ಮೈ ತಡೆಯುವುದಿಲ್ಲ, ಎಷ್ಟು ಕುಡಿಯುತ್ತೀಯೆಂದು ನಿಜ ಹೇಳು, ಅಲ್ಲಿಂದ ಸ್ವಲ್ಪ ಸ್ವಲ್ಪ ಇಳಿಸೋಣ ಎಂದಿದ್ದರು. ಅವನು ಎರಡು ಎಂದ. ಗೊತ್ತಾದಾಗ ಬಾ ಎಂದು ಅವರು ಕಳಿಸಿಬಿಟ್ಟರು.

ಹೇಗೆ ಎಣಿಸುತ್ತೀಯಪ್ಪ ಎಂದು ಗುರುಗಳು ಕೇಳಿದರು. ಮುದ್ದಯ್ಯ ನಿಧಾನವಾಗಿ ಹೇಳಿದ.

ಕೆಂಪಾಜಮ್ಮ ಇದ್ದಾಗ ಅವನು ಎಣಿಸಿದವನೇ ಅಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಗೋಡೆಗೆ ಒರಗಿ ಕೂರುತ್ತಿದ್ದ. ಅವಳು ಎದುರು ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದಳು. ಅವನ ಲೋಟ ಬರಿದಾದ ಕೂಡಲೇ ಅದನ್ನು ನೆಲಕ್ಕೆ ಬೋರಲು ಹಾಕಿ, ಒಂದಾಯ್ತು ಎನ್ನುತ್ತಿದ್ದಳು. ಅವಳೇ ಮತ್ತೆ ಎತ್ತಿ ಇಡುವವರೆಗೆ ಬಾಟಲಿ ಮುಟ್ಟುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ಅವನು ಅಂಗಡಿಯ ಸುದ್ದಿ ಹೇಳುತ್ತಿದ್ದ. ಯಾರ ತಲೆ ನರೆಯಿತು, ಯಾವ ಮದುವೆ ಗಂಡು ಮೀಸೆ ತೆಗೆಸುವಾಗ ಅತ್ತ, ಇಂಥವು. ಅವಳು ನಗುತ್ತಿದ್ದಳು. ಎರಡನೆಯದು ಮುಗಿದರೆ ಬಾಟಲಿ ಒಳಗೆ ಹೋಗುತ್ತಿತ್ತು. ಕೆಲವು ದಿನ ಮಾತಿನಲ್ಲಿ ಎರಡನೆಯದು ಮರೆತೇ ಹೋಗುತ್ತಿತ್ತು.

ಈಗ ಹೇಗೆ ಎಂದು ಗುರುಗಳು ಕೇಳಿದರು.

ಈಗಲೂ ಬರಿದಾದ ಲೋಟವನ್ನೇ ಎಣಿಸುವುದು ಎಂದ ಮುದ್ದಯ್ಯ. ಅರ್ಧ ಇಳಿದಾಗ ಒಂದಿಷ್ಟು ಸುರಿದುಕೊಳ್ಳುತ್ತಾನೆ. ಮತ್ತೆ ಇಳಿದರೆ ಮತ್ತೊಂದಿಷ್ಟು. ಬರಿದಾಗದಿದ್ದ ಮೇಲೆ ಅದು ಇನ್ನೂ ಮೊದಲನೆಯದೇ ಅಲ್ಲವೇ? ಹಾಗೆ ದಿನಕ್ಕೆ ಎರಡು ದಾಟುವುದೇ ಇಲ್ಲ. ಇದನ್ನು ಹೇಳುವಾಗ ಅವನ ಮುಖದಲ್ಲಿ ಕಪಟವಿರಲಿಲ್ಲ.

ಗುರುಗಳು ತಲೆದೂಗಿದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ಕುರುಬನಿದ್ದ. ಅವನಿಗೆ ನೂರು ಕುರಿ. ಸಂಜೆ ಹಟ್ಟಿಗೆ ಬಂದಾಗ ಬೇಲಿಯ ತಡಿಕೆಯನ್ನು ಒಂದು ಕುರಿ ನುಸುಳುವಷ್ಟೇ ಸರಿಸಿ, ಪಕ್ಕದಲ್ಲಿ ನಿಂತು, ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದ. ಎಲ್ಲಕ್ಕಿಂತ ಕೊನೆಗೆ ಒಂದು ಮುದಿ ಕುರಿ ಕುಂಟುತ್ತಾ ಬರುತ್ತಿತ್ತು. ಅದು ಬರುವವರೆಗೆ ಅವನು ಕಾಯುತ್ತಿದ್ದ. ಬಂದಾಗ ಅದರ ಕಿವಿಯ ಹಿಂದೆ ಕೆರೆದು, ನೂರು ಎನ್ನುತ್ತಿದ್ದ. ಆಮೇಲೆಯೇ ತಡಿಕೆ ಮುಚ್ಚುತ್ತಿದ್ದ.

ಒಂದು ವರ್ಷ ಆ ಮುದಿ ಕುರಿ ಸತ್ತಿತು. ಮಾರನೆಯ ಸಂಜೆ ಅವನು ತೊಂಬತ್ತೊಂಬತ್ತು ಎಂದು, ರೂಢಿಯಂತೆ ದಾರಿ ನೋಡುತ್ತಾ ನಿಂತ. ದಾರಿಯಲ್ಲಿ ಏನೂ ಇರಲಿಲ್ಲ. ಹಾಗೆ ನಿಲ್ಲುವುದು ಅವನಿಂದ ಆಗಲಿಲ್ಲ.

ಅದರ ಮಾರನೆಯ ದಿನ ಅವನು ತಡಿಕೆಯನ್ನೇ ತೆಗೆದು ಪಕ್ಕಕ್ಕೆ ಇಟ್ಟ. ಕುರಿಗಳು ಒಟ್ಟಿಗೆ ನುಗ್ಗಿದವು. ಅವನು ಬೇರೆ ಕಡೆ ತಿರುಗಿ, ತೊಂಬತ್ತೊಂಬತ್ತು ಎಂದು ಹೇಳಿ ಗುಡಿಸಲಿಗೆ ಹೋದ. ದಿನವೂ ಹಾಗೇ ಹೇಳಿದ. ಒಂದು ದಿನವೂ ಹೇಳುವುದನ್ನು ತಪ್ಪಿಸಲಿಲ್ಲ.

ತೋಳಕ್ಕೆ ಇದು ಗೊತ್ತಾಯಿತು. ವಾರಕ್ಕೆ ಒಂದು. ಕೆಲವು ವಾರ ಎರಡು.

ಉಣ್ಣೆ ಕತ್ತರಿಸುವ ಕಾಲ ಬಂತು. ಹೆಂಡತಿಯ ತಮ್ಮ ಕತ್ತರಿ ಹಿಡಿದು ಬಂದ. ಬೇಗ ಕೆಲಸ ಮುಗಿದುಹೋಯಿತು. ಇನ್ನುಳಿದವು ಎಲ್ಲಿ ಎಂದು ಕೇಳಿದ. ತೊಂಬತ್ತೊಂಬತ್ತೂ ಇಲ್ಲೇ ಇವೆ, ದಿನಾ ಹೇಳುತ್ತೇನೆ ಎಂದು ಕುರುಬ ಸಿಟ್ಟಾದ.

“ಬಾಯಲ್ಲಿರೋ ಕುರೀಗೆ ಉಣ್ಣೆ ಬರಲ್ಲ ಭಾವ. ಇಲ್ಲಿರೋದು ಅರವತ್ತೊಂದು.”

ಆ ಸಂಜೆ ಕುರುಬ ತಡಿಕೆಯನ್ನು ಮತ್ತೆ ತಂದು ಕಟ್ಟಿದ. ಒಂದು ಕುರಿಗೆ ಆಗುವಷ್ಟು ದಾರಿ ಬಿಟ್ಟ. ಬೆನ್ನು ಮುಟ್ಟಿ ಮುಟ್ಟಿ ಒಳಗೆ ಬಿಟ್ಟ. ಅರವತ್ತೊಂದು ಎಂದ. ಆಮೇಲೆ ಬರಿ ದಾರಿಯನ್ನು ನೋಡುತ್ತಾ, ಆ ಮುದಿ ಕುರಿ ಕುಂಟಿಕೊಂಡು ಬರಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ನಿಂತ. ಆಮೇಲೆ ಮುಚ್ಚಿದ. ಅಂದಿನಿಂದ ಅವನ ಒಂದು ಕುರಿಯೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುದ್ದಯ್ಯನಿಗೆ ಸಮಾಧಾನವಾಗಲಿಲ್ಲ. ಕುರಿಯ ವಿಚಾರ ಸರಿ, ಅವನ ಬಳಿ ತಡಿಕೆ ಇತ್ತು, ತೋಳ ಇತ್ತು, ನನ್ನದು ಬರೀ ಒಂದು ಲೋಟ ಎಂದು ಗೊಣಗಿದ. ಅದರಲ್ಲಿ ನಾನು ಬಚ್ಚಿಟ್ಟಿದ್ದೇನಿದೆ ಎಂದು ಕೇಳಿದ.

ಗುರುಗಳು ಮೆಲ್ಲಗೆ ಹೇಳಿದರು.

“ಲೋಟದ ತಳ ಕಂಡಾಗ ಯಾರು ಕಾಣೋದಿಲ್ಲ, ಮುದ್ದಯ್ಯ?”

ಮುದ್ದಯ್ಯ ಎದ್ದು ಅಡ್ಡಬಿದ್ದು ಮನೆಗೆ ಹೋದ.

ಆ ಸಂಜೆ ಅವನು ಗೋಡೆಗೆ ಒರಗಿ ಕೂತ. ಲೋಟಕ್ಕೆ ಸುರಿದುಕೊಂಡ. ಅರ್ಧಕ್ಕೆ ಬಂದಾಗ ಕೈ ತಾನಾಗಿ ಬಾಟಲಿಯ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡ. ಕುಡಿಯುತ್ತಾ ಹೋದ. ತಳ ಕಂಡಿತು. ಎಂಟು ತಿಂಗಳಿಂದ ಅವನು ಆ ತಳವನ್ನು ಸರಿಯಾಗಿ ನೋಡಿರಲಿಲ್ಲ. ದಿನದ ಕೊನೆಗೆ, ಕಣ್ಣು ಮಂಜಾದ ಮೇಲೆ ನೋಡಿದ್ದಷ್ಟೇ.

ಲೋಟವನ್ನು ಬೋರಲು ಹಾಕಿದ.

ಎದುರು ಗೋಡೆಯಲ್ಲಿ, ಕೂತವರ ತಲೆ ತಾಗುವ ಎತ್ತರಕ್ಕೆ, ಎಣ್ಣೆಯ ಒಂದು ಕಲೆ ಇತ್ತು. ಅವಳ ತುರುಬಿನದು. ಅವನು ಅದನ್ನೇ ನೋಡಿದ. ಮನೆಯಲ್ಲಿ ಸದ್ದಿರಲಿಲ್ಲ. ಒಂದಾಯ್ತು ಎನ್ನುವವರು ಇರಲಿಲ್ಲ. ಅವನು ಕಾದ. ಎದ್ದು ಓಡೋಣ ಅನ್ನಿಸಿತು, ಓಡಲಿಲ್ಲ. ಬಾಟಲಿಯನ್ನೂ ಮುಟ್ಟಲಿಲ್ಲ.

ಗೌಡರ ಮಗನಿಗೆ ಈಗಲೇ ನೆತ್ತಿ ಬೋಳಾಗ್ತಿದೆ ಕಣೆ, ಹುಡುಗಿ ನೋಡೋಕೆ ಹೋಗೋವಾಗ ಪೇಟ ಸುತ್ಕೊಂಡು ಹೋಗ್ತಾನಂತೆ ಎಂದು ಆ ಕಲೆಗೆ ಹೇಳಿದ. ಅವಳು ನಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟ.

“ಒಂದಾಯ್ತು” ಎಂದ. ಖಾಲಿ ಮನೆಯಲ್ಲಿ ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. ಆಮೇಲೆ ತಾನೇ ಲೋಟವನ್ನು ನೆಟ್ಟಗೆ ಇಟ್ಟು, ಮತ್ತೆ ಸುರಿದುಕೊಂಡ.

ಮಾರನೆಯ ಬೆಳಿಗ್ಗೆ ಅವನು ಅಂಗಡಿ ತೆರೆಯಲಿಲ್ಲ. ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತ. ಸರದಿ ಬಂದಾಗ ಡಾಕ್ಟರಮ್ಮನ ಮುಂದೆ ಕೂತು, ಅವರು ಕೇಳುವ ಮೊದಲೇ ಹೇಳಿದ.

“ಹಿಂದಿಂದು ಗೊತ್ತಿಲ್ಲ ತಾಯಿ. ನಿನ್ನೆ ನಾಲ್ಕು.”