ಕಂಬಳಿ ಹೋದಲ್ಲಿಗೆ ಕರಿಗುಡ್ಡ

ಇದು ಉಣ್ಣೆ ಕತ್ತರಿಸುವ ಕಾಲದಲ್ಲಿ ನಡೆದದ್ದು.

ಒಂದಾನೊಂದು ಬಯಲಿನಲ್ಲಿ ಕುರಿಗಾರರ ಹಟ್ಟಿಯೊಂದಿತ್ತಂತೆ. ಅಲ್ಲಿ ಲಗಮವ್ವನೆಂಬ ವಿಧವೆ ಇದ್ದಳಂತೆ. ಗಂಡನಿಲ್ಲ, ಮಕ್ಕಳಿಲ್ಲ. ಅವಳಿಗೆ ಉಳಿದದ್ದು ಒಂದು ಗುಡಿಸಲು, ಒಂದು ಕರಿಕಂಬಳಿ, ಹಟ್ಟಿಯ ಮಂದೆಯಲ್ಲಿ ಬೆರೆತ ಕೆಲವು ಕುರಿ.

ಆ ಕಾಲದ ಕಾವಲುನಾಯಿಗಳನ್ನು ಈಗ ಯಾರು ಕಂಡಿದ್ದಾರೆ? ಕರುವಿನಷ್ಟು ಎತ್ತರ, ಕೊಪ್ಪರಿಗೆಯಂಥ ತಲೆ, ಅಂಗೈಯಗಲದ ಪಾದ. ಸುಮ್ಮನೆ ಬೊಗಳುವ ಕುಲವಲ್ಲ. ಒಮ್ಮೆ ಬೊಗಳಿದರೆ ಏಳು ಹೊಲದಾಚೆಯ ತೋಳ ಹೆಜ್ಜೆ ಹಿಂದಿಡುತ್ತಿತ್ತಂತೆ. ಅವುಗಳನ್ನು ಸಾಕುವುದಕ್ಕೂ ಕ್ರಮವಿತ್ತು. ಕಣ್ಣು ಬಿಟ್ಟ ಮರಿಯನ್ನು ರಾತ್ರಿ ಕುರಿ ಕೂಡುವ ದಡ್ಡಿಯೊಳಗೆ ಬಿಡಬೇಕು. ಅದು ಕುರಿಮರಿಗಳ ನಡುವೆ ಮಲಗಬೇಕು, ಕುರಿಯ ಹಾಲನ್ನೇ ಕುಡಿಯಬೇಕು. ಮೂಳೆ ಬಲಿಯುವ ತನಕ ಅದನ್ನು ಬಂಡೆಯಿಂದ ಜಿಗಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯೊಳಗೆ ಕರೆದು ಮುದ್ದಿಸಬಾರದು. ಯಾರ ಮೈಬಿಸಿಯಲ್ಲಿ ಬೆಳೆಯಿತೋ ಅವರನ್ನೇ ಅದು ಕಾಯುತ್ತದೆ.

ಒಂದು ಚಳಿಗಾಲ, ದಡ್ಡಿಗೆ ಬಿಟ್ಟ ಕರಿಯ ನಾಯಿಮರಿಯೊಂದು ಗಡಗಡ ನಡುಗುತ್ತಿತ್ತಂತೆ. ಲಗಮವ್ವ ಅದನ್ನೆತ್ತಿ ತನ್ನ ಕಂಬಳಿಯೊಳಗೆ ಹಾಕಿಕೊಂಡಳು.

"ಇದೊಂದ ರಾತ್ರಿ ಇರಲಿ" ಎಂದಳು.

ಆ ಒಂದು ರಾತ್ರಿ ಮುಗಿಯಲೇ ಇಲ್ಲ.

ಅವಳು ಅಂಬಲಿಗೆ ಮಜ್ಜಿಗೆ ಬೆರೆಸಿ ಉಣಿಸಿದಳು. ಕೂದಲಿಗೆ ಸಿಕ್ಕಿದ ಮುಳ್ಳುಗಳನ್ನು ಬೆರಳಿನಿಂದ ಬಿಡಿಸಿದಳು. ಬಿಸಿಲೇರಿದರೆ ನೆರಳಿಗೆ ಕರೆದಳು. ಮರಿ ಬೆಳೆದು ಗುಡ್ಡವಾಯಿತು. ಕರಿಗುಡ್ಡ ಎಂದೇ ಹೆಸರಾಯಿತು. ಮೈ ಬೆಳೆದಷ್ಟು ಬೇಗ ಬುದ್ಧಿ ಬೆಳೆಯುವ ಕುಲವಲ್ಲ ಅದು. ಅಷ್ಟು ದೊಡ್ಡದಾದ ಮೇಲೂ ಅವಳ ತೊಡೆಯೇರಲು ಬರುತ್ತಿತ್ತಂತೆ.

"ಯವ್ವಾ ಲಗಮವ್ವ, ಕಂಬಳಿ ನಿಂದೋ, ನಾಯಿದೋ?" ಎಂದು ನೆರೆಯ ಫಕೀರವ್ವ ಕೆಣಕುತ್ತಿದ್ದಳು.

"ನಾಯಿದ ಅಕ್ಕಾ. ಅದು ಸರದಷ್ಟ ಜಾಗಾ ನನಗ."

ಹೀಗಿರಲು ಒಂದು ಮುಂಜಾವು ಮಂಜಿನಲ್ಲಿ ತೋಳ ಬಂತಂತೆ. ಕರಿಗುಡ್ಡ ಎದ್ದಿತು, ಬೊಗಳಿತು, ಓಡಿ ಹೋಗಿ ಲಗಮವ್ವನ ಬಾಗಿಲಿಗೆ ಅಡ್ಡ ನಿಂತಿತು.

"ದಡ್ಡಿಗೆ ಹೋಗೋ! ಅಲ್ಲಿಗೆ ಹೋಗೋ ನನ್ನಪ್ಪಾ!" ಎಂದು ಅವಳು ನೂಕಿದಳು. ನಾಯಿ ತಾನೂ ಹೋಗಲಿಲ್ಲ, ಅವಳನ್ನೂ ಹೊರಬಿಡಲಿಲ್ಲ. ಬೆಳಕು ಹರಿದಾಗ ದಡ್ಡಿಯಲ್ಲಿ ಎಳೆಯ ಕುರಿಮರಿಗಳು ಸತ್ತು ಬಿದ್ದಿದ್ದವು. ಫಕೀರವ್ವನ ಮರಿಯೂ ಅವುಗಳಲ್ಲಿತ್ತು. ಅಂದು ಅವಳು ಕೆಣಕಲಿಲ್ಲ.

ಹಟ್ಟಿಯ ಹಿರಿಯ ಕಾಳಮುತ್ಯಾ ಲಗಮವ್ವನನ್ನು ಕರೆಸಿದ.

"ನಾಯಿದು ತಪ್ಪಿಲ್ಲವ್ವ. ಅದು ತನ್ನ ಕುರಿ ಕಾದೈತಿ. ಅದರ ಕುರಿ ನೀನು" ಎಂದ. "ಕೋಟೆ ದೊರಿ ಇಂಥಾ ನಾಯಿ ಕೇಳ್ಯಾನ. ಅಮಾಸಿ ಮರುದಿನ ಅವನ ದಳವಾಯಿ ಬರತಾನ. ಕೊಟ್ಟ ಬಿಡೋಣು."

"ಅಲ್ಲಿ ಸರಪಳಿ ಹಾಕತಾರ, ಮುತ್ಯಾ."

"ಹಾಕತಾರ."

"ದೊಡ್ಡ ನಾಯಿಗೆ ಆಯುಷ್ಯ ಸಣ್ಣದು. ಇರೋ ನಾಕ ದಿನಾನೂ ಸರಪಳ್ಯಾಗ?"

ಮುದುಕ ಕೋಲೂರಿ ಎದ್ದು ನಡೆದ.

ಅಮಾವಾಸ್ಯೆಯೊಳಗೆ ದಡ್ಡಿ ರೂಢಿಯಾಗಲೆಂದು ಲಗಮವ್ವ ಕರಿಗುಡ್ಡನನ್ನು ಅಲ್ಲಿ ಗೂಟಕ್ಕೆ ಕಟ್ಟಿದಳು. ಅದು ಗೂಟವನ್ನೂ ಎಳೆದುಕೊಂಡು ಮನೆಗೆ ಬಂತಂತೆ. ಓಡಿಸಲು ಕಲ್ಲೆಸೆದಳು. ಅದು ಆಟವೆಂದು ತಿಳಿದು ಕಲ್ಲನ್ನು ಕಚ್ಚಿ ತಂದು ಅವಳ ಪಾದದ ಬಳಿ ಇಟ್ಟಿತಂತೆ. ಲಗಮವ್ವ ಮತ್ತೆ ಕಲ್ಲು ಮುಟ್ಟಲಿಲ್ಲ.

ಅಂದು ಅವಳು ಕಂಬಳಿಯನ್ನು ಬಿಸಿಲಿಗೆಂದು ದಡ್ಡಿಯ ಬೇಲಿಯ ಮೇಲೆ ಹರವಿದ್ದಳು. ಸಂಜೆ ತೆಗೆಯಹೋದರೆ, ಕರಿಗುಡ್ಡ ದಡ್ಡಿಯೊಳಗೆ ಅದರ ಕೆಳಗೆ ಮಲಗಿತ್ತು. ಅವಳು ಬಹಳ ಹೊತ್ತು ನೋಡಿದಳು. ಬಳಿಕ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ದಡ್ಡಿಯೊಳಕ್ಕೆ ಕಾಲಿಟ್ಟಳು.

ದಡ್ಡಿಯಲ್ಲಿ ಹೆಂಗಸರು ಮಲಗುವ ರೂಢಿ ಆ ಹಟ್ಟಿಯಲ್ಲಿರಲಿಲ್ಲ. ಕಾಳಮುತ್ಯಾ ಕೋಲು ಅಡ್ಡ ಹಿಡಿದ.

"ಇದು ಗಂಡಸರ ಕಾವಲ, ಲಗಮವ್ವ."

"ಕೆಟ್ಟ ರೂಢಿ ಕಲಿಸಿದಾಕಿ ನಾನು, ಮುತ್ಯಾ. ನಾಯಿ ನನ್ನ ಬಿಡಾಂಗಿಲ್ಲ. ಮನಿ ನಾನ ಬಿಡತೀನಿ."

ಮುದುಕ ಕೋಲು ಇಳಿಸಿದ.

ಅಂದಿನಿಂದ ಅವಳು ಕುರಿಗಳ ನಡುವೆಯೇ ಮಲಗಿದಳು. ಕರಿಗುಡ್ಡ ಅವಳ ಮಗ್ಗುಲಲ್ಲಿ. ಚಳಿಗೆ ಕುರಿಮರಿಗಳು ಒಂದೊಂದಾಗಿ ನಾಯಿಯ ಹೊಟ್ಟೆಗೆ ಒರಗಿದವಂತೆ. ಮೊದಲು ಅದು ಮುಖ ತಿರುಗಿಸಿತು. ಆಮೇಲೆ ಅವುಗಳ ಕಿವಿ ನೆಕ್ಕಿತು.

ಅಮಾವಾಸ್ಯೆ ಕಳೆಯಿತು. ಮರುದಿನ ಮುಂಜಾನೆ ದಳವಾಯಿ ಚನ್ನವೀರ ಸರಪಳಿ ಹಿಡಿದು ಬಂದು ನಿಂತಿದ್ದ. ಅದೇ ಹೊತ್ತಿಗೆ, ಅದೇ ಮಂಜಿನಲ್ಲಿ, ಅದೇ ತೋಳ ಬೇಲಿ ಹಾರಿತು. ಬಿದ್ದದ್ದು ದಡ್ಡಿಯ ಆ ತುದಿಗೆ, ಲಗಮವ್ವನಿಂದ ದೂರ, ಮರಿಗಳ ಹತ್ತಿರ. ಕರಿಗುಡ್ಡ ಒಮ್ಮೆ ಅವಳನ್ನು ನೋಡಿತು, ಒಮ್ಮೆ ಮರಿಗಳನ್ನು ನೋಡಿತು. ಅವಳು ಕರೆಯಲೂ ಇಲ್ಲ, ನೂಕಲೂ ಇಲ್ಲ. ನಾಯಿ ಹಾರಿತು. ತೋಳ ಮತ್ತೆ ಏಳಲಿಲ್ಲ.

ಕರಿಗುಡ್ಡ ಮರಿಗಳನ್ನು ಒಂದೊಂದಾಗಿ ಮೂಸಿ ನೋಡಿ, ಬಂದು ಕಂಬಳಿಯ ಮೇಲೆ ಮಲಗಿತು.

ದಳವಾಯಿ ಸರಪಳಿಯನ್ನು ಕೈಯಲ್ಲಿ ತೂಗಿದ. "ಈ ನಾಯಿಯನ್ನು ಒಯ್ದರೆ ಈ ತಾಯಿಯನ್ನೂ ಒಯ್ಯಬೇಕಾದೀತು" ಎಂದ.

"ಆಕಿನ್ನ ಒಯ್ದರ ಕುರೀನೂ ಬರತಾವ" ಎಂದ ಕಾಳಮುತ್ಯಾ.

"ಕೋಟ್ಯಾಗ ಹುಲ್ಲ ಐತೇನ್ರಿ, ದಳವಾಯಿಗಳೇ?" ಎಂದಳು ಫಕೀರವ್ವ.

ದಳವಾಯಿ ನಕ್ಕ. ಸರಪಳಿ ಬಂದ ದಾರಿಯಲ್ಲೇ ಹಿಂದಿರುಗಿತಂತೆ.

ಕರಿಗುಡ್ಡ ತನ್ನ ಸಣ್ಣ ಆಯುಷ್ಯವನ್ನು ದಡ್ಡಿಯಲ್ಲೇ ಕಳೆಯಿತು. ಅಲ್ಲಿಂದ ಮುಂದೆ ಆ ಹಟ್ಟಿಯವರು ನಾಯಿಮರಿಯನ್ನು ದಡ್ಡಿಗೆ ಬಿಡುವಾಗ, ಹಿರಿಯ ಹೆಂಗಸೊಬ್ಬಳ ಹಳೆಯ ಕಂಬಳಿಯ ಚೂರನ್ನು ಅದರ ಕೆಳಗೆ ಹಾಸುತ್ತಿದ್ದರಂತೆ. ಈಗ ಆ ನಾಯಿಗಳಿಲ್ಲ. ಅಂಥ ಕಂಬಳಿ ನೇಯುವ ಕೈಗಳೂ ವಿರಳ.

ಕುರಿ ದಡ್ಡಿ ಸೇರಿದವು, ಕಥೆ ಕಂಬಳಿ ಹೊದ್ದು ಮಲಗಿತು.

ಆ ಮುಂಜಾನೆ ಅಲ್ಲಿದ್ದವರು: ಕಾಳಮುತ್ಯಾ, ಫಕೀರವ್ವ, ದಳವಾಯಿ ಚನ್ನವೀರ, ಲಗಮವ್ವ, ಕರಿಗುಡ್ಡ.