ಮರುತೀರ್ಪಿನ ಮೂವರು

"ಮಹಾಪ್ರಭು, ತಮ್ಮ ರಾಜ್ಯದಲ್ಲಿ ಇನ್ನು ಕುಂಟರಿಲ್ಲ, ಕುರುಡರಿಲ್ಲ, ಕಿವುಡರಿಲ್ಲ," ಎಂದು ಆಸ್ಥಾನವೈದ್ಯ ಸರ್ವೋತ್ತಮ ಪಂಡಿತರು ತುಂಬಿದ ಸಭೆಯಲ್ಲಿ ಎದೆ ಉಬ್ಬಿಸಿ ಹೇಳಿದರು.

ಕೆಂಗಲ್ಲುದುರ್ಗದ ದೊರೆ ಬೊಮ್ಮರಸ ಸಿಂಹಾಸನದ ಮೇಲೆ ನೆಟ್ಟಗೆ ಕುಳಿತ. "ಎಲ್ಲರಿಗೂ ವಾಸಿಯಾಯಿತೇ? ಯಾವ ಔಷಧಿ ಕೊಟ್ಟಿರಿ?"

"ಔಷಧಿ ಯಾಕೆ ಪ್ರಭು? ಓಲೆ ಬರೆದುಕೊಟ್ಟೆ."

ಅರಮನೆಯ ಸೇವೆಯಲ್ಲಿ ಕೈಕಾಲು, ಕಣ್ಣು, ಕಿವಿ ಕಳೆದುಕೊಂಡವರಿಗೆ ಉಗ್ರಾಣದಿಂದ ತಿಂಗಳು ತಿಂಗಳು ಅಕ್ಕಿ ಕೊಡುವುದು ದೊರೆಯ ಅಜ್ಜನ ಕಾಲದಿಂದ ಬಂದ ಪದ್ಧತಿ. ಯಾರಿಗೆ ಕೊಡಬೇಕೆಂದು ಪರೀಕ್ಷಿಸಿ ಹೇಳುವ ಕೆಲಸ ಪಂಡಿತರದು. ಅವರು ಒಂದೇ ವರ್ಷದಲ್ಲಿ ಅಷ್ಟೂ ಜನಕ್ಕೆ 'ಸರ್ವಕಾರ್ಯ ಸಮರ್ಥ' ಎಂದು ಓಲೆ ಬರೆದು, ಮುದ್ರೆ ಒತ್ತಿ, ಮನೆಗೆ ಅಟ್ಟಿದ್ದರು. ದೊರೆ ಮೆಚ್ಚಿ ಒಂದು ಶಾಲು ಹೊದಿಸಿಯಾನು ಎಂಬ ಆಸೆ, ಬೇರೇನಿಲ್ಲ.

ಮಂತ್ರಿಯೂ ಅಲ್ಲದೆ, ವಿದೂಷಕನೂ ಅಲ್ಲದೆ, ಎರಡೂ ಕೆಲಸ ಮಾಡಿಕೊಂಡಿದ್ದ ಓಬಳಯ್ಯನಿಗೆ ಇದನ್ನು ಕೇಳಿ ಸಹಿಸಲಾಗಲಿಲ್ಲ. ಅಂದು ಬೆಳಿಗ್ಗೆಯಷ್ಟೇ ಮಾವುತ ದುರುಗಪ್ಪ ಅವನ ಮನೆ ಜಗಲಿಯ ಮೇಲೆ ಕೂತು ಕಣ್ಣೀರು ಹಾಕಿದ್ದ. ಪಟ್ಟದಾನೆ ತುಳಿದು ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಪಂಡಿತರು ನೋಡಿ, "ಬಲಗಾಲು ಬಹಳ ಸೊಗಸಾಗಿದೆ," ಎಂದು ಓಲೆ ಕೈಗಿತ್ತಿದ್ದರು.

"ಅಕ್ಕಿ ನಿಂತು ಮೂರು ತಿಂಗ್ಳಾತು ಸ್ವಾಮಿ," ಎಂದಿದ್ದ ದುರುಗಪ್ಪ. "ನನ್ನ ಹೆಂಡ್ತಿ ಕಂಡೋರ ಮನೆ ರಾಗಿ ಬೀಸಿ ನನ್ನ ಸಾಕ್ತಾಳೆ. ಅವಳ ಮುಖ ನೋಡಕ್ಕೆ ನಾಚ್ಕೆ ಆಗ್ತೈತೆ."

ಆ ಮಾತು ಇನ್ನೂ ಕಿವಿಯಲ್ಲಿತ್ತು. ಓಬಳಯ್ಯ ಎದ್ದು ಕೈಮುಗಿದ. "ಪ್ರಭು, ಪಂಡಿತರು ತಪ್ಪು ಮಾಡುವವರಲ್ಲ. ಆದರೆ ಊರ ಬಾಯಿ ಮುಚ್ಚಿಸಬೇಕಲ್ಲ. ಓಲೆ ಒಪ್ಪದವರ ಅಹವಾಲು ಕೇಳಿ ಮರುತೀರ್ಪು ಕೊಡಲು ಮೂವರ ಮಂಡಳಿ ಒಂದಿರಲಿ."

"ಇರಲಿ. ಯಾರನ್ನು ನೇಮಿಸೋಣ?" ಎಂದ ದೊರೆ.

"ನನ್ನ ಅಳಿಯ ಇದ್ದಾನೆ, ಇಬ್ಬರು ಭಾವಮೈದುನರಿದ್ದಾರೆ," ಎಂದರು ಪಂಡಿತರು, ಕಣ್ಣು ಮಿಟುಕಿಸುವಷ್ಟೂ ತಡಮಾಡದೆ.

ದೊರೆಗೂ ಅದು ಸ್ವಲ್ಪ ಅತಿಯೆನಿಸಿತು. "ಬೇಡ, ಓಬಳಯ್ಯನೇ ಆರಿಸಲಿ."

"ಹಾಗಾದರೆ ನನ್ನದೊಂದು ಷರತ್ತು," ಎಂದರು ಪಂಡಿತರು. "ಸದಸ್ಯರಾಗುವವರು ಎಂಥ ಕೆಲಸಕ್ಕೂ ಸಮರ್ಥರೆಂದು ವೈದ್ಯರ ಓಲೆ ಇರಬೇಕು. ವೈದ್ಯರೆಂದರೆ ನಾನು. ಮುದ್ರೆ ನನ್ನದೇ ಆಗಿರಬೇಕು." ಅಳಿಯನನ್ನೂ ಭಾವಮೈದುನರನ್ನೂ ಬಿಟ್ಟರೆ ಇನ್ನಾರಿಗೂ ಓಲೆ ಬರೆಯುವುದೇ ಇಲ್ಲವೆಂದು ಅವರು ಆಗಲೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದರು.

"ಒಪ್ಪಿದೆ. ಓಬಳಯ್ಯ, ನಾಳೆಯ ಸಭೆಗೆ ಮೂವರನ್ನು ಕರೆತಾ. ಆಗದಿದ್ದರೆ ಪಂಡಿತರ ನೆಂಟರೇ ಗತಿ."

ಓಬಳಯ್ಯ ನೆಲ ಮುಟ್ಟುವಷ್ಟು ಬಗ್ಗಿ ನಮಸ್ಕರಿಸಿದ. ಅಷ್ಟು ಬಗ್ಗಿದ್ದು ಭಕ್ತಿಗಲ್ಲ, ಬಂದ ನಗು ಕಾಣಬಾರದೆಂದು.

ಮರುದಿನ ಸಭೆಗೆ ಮೂವರು ಬಂದರು. ಮುಂದೆ ಕೋಲೂರಿಕೊಂಡು ದುರುಗಪ್ಪ. ಅವನ ಹೆಗಲು ಹಿಡಿದುಕೊಂಡು, ರಾಣಿವಾಸಕ್ಕೆ ಜರಿ ಸೀರೆ ನೇಯುತ್ತಲೇ ಕಣ್ಣು ಕಳೆದುಕೊಂಡ ತಿಪ್ಪವ್ವ. ಕೊನೆಗೆ, ನಲವತ್ತು ವರ್ಷ ಕೋಟೆ ಬಾಗಿಲಲ್ಲಿ ನಗಾರಿ ಬಾರಿಸಿ ಕಿವುಡಾದ ಕೆಂಚಣ್ಣ.

ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರು ಸದಸ್ಯರೇ? ಪ್ರಭು, ಇವನಿಗೆ ನಡೆಯಲಾಗದು, ಇವಳಿಗೆ ಕಾಣದು, ಅವನಿಗೆ ಕೇಳದು."

"ಹೌದೇ?" ಎಂದು ಓಬಳಯ್ಯ ಮೂರು ಓಲೆಗಳನ್ನು ದೊರೆಯ ಮುಂದೆ ಹಿಡಿದ. ದೊರೆ ಒಂದೊಂದಾಗಿ ಓದಿದ. ಮೂರರಲ್ಲೂ 'ಸರ್ವಕಾರ್ಯ ಸಮರ್ಥ'. ಮೂರರಲ್ಲೂ ಪಂಡಿತರ ಮುದ್ರೆ.

ಪಂಡಿತರ ನಗು ಅರ್ಧಕ್ಕೇ ನಿಂತಿತು.

"ನಿಧಾನವಾಗಿ ಯೋಚಿಸಿ ಹೇಳಿ ಪಂಡಿತರೇ, ಅವಸರವಿಲ್ಲ," ಎಂದ ಓಬಳಯ್ಯ. "ಇವರು ಸಮರ್ಥರಾದರೆ ಪೀಠ ಇವರದು. ಅಲ್ಲವಾದರೆ ಅಕ್ಕಿ ಇವರದು."

"ಇವರಿಗೆ ವೈದ್ಯದ ಗಂಧಗಾಳಿ ಉಂಟೇ?" ಎಂದು ಪಂಡಿತರು ತೊದಲಿದರು.

"ನೋವನ್ನು ತಾವು ಮೂವತ್ತು ವರ್ಷ ಹೊರಗಿನಿಂದ ನೋಡಿದಿರಿ. ಇವರು ಒಳಗಿನಿಂದ ನೋಡಿದ್ದಾರೆ."

ದೊರೆಗೆ ನಗು ತಡೆಯಲಾಗಲಿಲ್ಲ. ಆದರೂ ಗಡ್ಡ ಕೆರೆದುಕೊಂಡು ಕೇಳಿದ, "ಅಲ್ಲಯ್ಯಾ, ಪೀಠ ಕೊಟ್ಟರೆ ಅಕ್ಕಿ ಹೋಗುತ್ತದೆ, ಅಕ್ಕಿ ಕೊಟ್ಟರೆ ಪೀಠ ಹೋಗುತ್ತದೆ. ಯಾವುದನ್ನು ಕೊಡಲಿ?"

"ಎರಡನ್ನೂ ಕೊಡಿ ಪ್ರಭು. ತೀರ್ಪು ಹೇಳುವುದಕ್ಕೆ ಕಾಲು ಬೇಕಿಲ್ಲ. ಹೊಟ್ಟೆಗೆ ಮಾತ್ರ ಅಕ್ಕಿ ಬೇಕು."

"ಕೊಟ್ಟೆ," ಎಂದ ದೊರೆ. ದುರುಗಪ್ಪ ಕೋಲು ಗೋಡೆಗೆ ಒರಗಿಸಿ ಪೀಠದ ಮೇಲೆ ಕೂತ. ಮನೆಯಲ್ಲಿ ಹೆಂಡತಿಗೆ ಇದನ್ನು ಹೇಗೆ ಹೇಳುವುದೋ ಎಂದು ಅವನು ಆಗಲೇ ಮಾತು ಜೋಡಿಸಿಕೊಳ್ಳುತ್ತಿದ್ದ.

ಇತ್ತ ಪಂಡಿತರು ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿ ಕೆಳಗೆ ಜಾರಿದರು. "ತಲೆ ತಿರುಗುತ್ತಿದೆ ಪ್ರಭು, ಕಣ್ಣು ಕತ್ತಲೆ. ಕೈಕಾಲಲ್ಲಿ ಶಕ್ತಿಯಿಲ್ಲ. ಪದವಿಯಿಂದ ಬಿಡುಗಡೆ ಮಾಡಿ, ನನಗೂ ಆ ಅಕ್ಕಿಯನ್ನೇ ಕೊಡಿಸಿ ಮನೆಗೆ ಕಳಿಸಿ."

"ಅದನ್ನು ನಾನು ಹೇಳುವಂತಿಲ್ಲ. ಮಂಡಳಿ ಉಂಟಲ್ಲ," ಎಂದ ದೊರೆ.

ದುರುಗಪ್ಪ ಪಂಡಿತರನ್ನು ಹತ್ತಿರ ಕೂರಿಸಿಕೊಂಡ. "ಎಲ್ಲಿ ನೋವು ಸ್ವಾಮಿ?" ಎಂದು ಮೆತ್ತಗೆ ಕೇಳಿದ. ಪಂಡಿತರು ಒಮ್ಮೆ ಎದೆ ತೋರಿಸಿದರು, ಒಮ್ಮೆ ಸೊಂಟ ತೋರಿಸಿದರು.

"ನಂಗೆ ಇವರ ಮುಖ ಕಾಣಲ್ಲ," ಎಂದು ತಿಪ್ಪವ್ವ ನಾಡಿ ಹಿಡಿದಳು. "ನಾಡಿ ಗಟ್ಟಿಯಾಗೈತೆ. ಸ್ವಲ್ಪ ಓಡ್ತೈತೆ ಅಷ್ಟೆ."

"ನಂಗೆ ಇವರು ನರಳಿದ್ದು ಕೇಳಲಿಲ್ಲ," ಎಂದ ಕೆಂಚಣ್ಣ. "ಮುಖ ಮಾತ್ರ ನೋಡ್ದೆ. ನೋವಿರೋ ಮುಖ ಅಲ್ಲ ಇದು."

ಮೂವರೂ ತಲೆ ಕೂಡಿಸಿದರು; ಕೆಂಚಣ್ಣನಿಗೆ ದುರುಗಪ್ಪ ಕೈಸನ್ನೆಯಲ್ಲಿ ತಿಳಿಸಿದ.

ದುರುಗಪ್ಪ ದೊರೆಯ ಕಡೆ ತಿರುಗಿದ. "ಮಹಾಸ್ವಾಮಿ, ಪಂಡಿತರಿಗೆ ಹಿಡಿದಿರೋದು ಹೆದರಿಕೆ. ಗುಣ ಆಗೋ ಕಾಯಿಲೆನೇ. ತಿಂಗಳು ತಿಂಗಳು ಉಗ್ರಾಣದ ಅಕ್ಕಿನ ತಲೆ ಮೇಲೆ ಹೊತ್ಕೊಂಡು ನಮ್ಮೆಲ್ಲರ ಮನೆ ಬಾಗಿಲಿಗೂ ನಡೆದ್ರೆ, ತಾನಾಗೇ ಇಳಿದುಹೋಗುತ್ತೆ."